ಕೀಮೋ ನಡುವೆ ಸಿಕ್ಕ ವಾರ: ಮಲ್ಪೆಯಿಂದ ಗೋಕರ್ಣಕ್ಕೆ ಮೇಷ್ಟ್ರ ಜೊತೆ ಸೈಕಲ್

ಜನವರಿಯಲ್ಲಿ ಸೈಕಲ್ ತಗೊಂಡು ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ಯೋಚನೆ ಮಾಡದೆ ಕೊಡಗು ಅನ್ನುತ್ತೇನೆ, ಇಲ್ಲಾಂದ್ರೆ ಊಟಿ. ಈ ಸಲ ಎರಡೂ ಆಗುವ ಹಾಗಿರಲಿಲ್ಲ. ನಮ್ಮ ಮೇಷ್ಟ್ರಿಗೆ ಚಳಿ ಆಗದು. ಅವರ ಮೈಗೆ ಹೋಗುತ್ತಿರುವ ಔಷಧಿಗೆ ಚಳಿ ಆಗದು ಅನ್ನೋದು ಸರಿ. ಆಕ್ಸಲಿಪ್ಲಾಟಿನ್ ಅಂತ ಅದರ ಹೆಸರು, ಕರುಳಿನ ಕ್ಯಾನ್ಸರಿಗೆ ಕೊಡುವ ಕೀಮೋ. ಡ್ರಿಪ್ ಹಾಕಿಸಿಕೊಂಡ ಮೇಲೆ ಕೆಲವು ದಿನ ತಣ್ಣೀರು ಕುಡಿದರೆ ಗಂಟಲು ಮುಚ್ಚಿಕೊಂಡು ಉಸಿರೇ ನಿಂತಂತೆ ಅನಿಸುತ್ತದೆ, ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆಯಲು ಹೋದರೆ ಬೆರಳಿಗೆ ಕರೆಂಟ್ ಹೊಡೆಯುತ್ತದೆ. ಹಾಗಾಗಿ ಕರಾವಳಿ. ಬೆವರು ಸುರಿಯುವ ಊರೇ ಬೇಕು ಅಂತ ಹುಡುಕಿಕೊಂಡು ಹೋಗಿದ್ದು ಇದೇ ಮೊದಲು.

ಮೇಷ್ಟ್ರು ಅಂದರೆ ನನ್ನ ಹಳೇ ಗೆಳೆಯ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವುದರಿಂದ ನಮ್ಮ ಗುಂಪಿಗೆಲ್ಲ ಮೇಷ್ಟ್ರು. ಹೆಸರು ಹಾಕಬೇಡ ಅಂದಿದ್ದಾರೆ. ಎದುರಿಗಿದ್ದಾಗ ಏಕವಚನ, ಬರೆಯುವಾಗ ಮಾತ್ರ ಮರ್ಯಾದೆ.

ಅವರ ಕಾಯಿಲೆಯ ಸುಳಿವು ಮೊದಲು ಸಿಕ್ಕಿದ್ದೂ ಸೈಕಲ್ ಮೇಲೇ. ನಂದಿ ಬೆಟ್ಟ ಹತ್ತಲು ತಿಂಗಳಿಂದ ತಿಂಗಳಿಗೆ ಜಾಸ್ತಿ ಹೊತ್ತು ಹಿಡಿಯತೊಡಗಿತು. ವಯಸ್ಸಾಯ್ತು ಅಂತ ನಾವೆಲ್ಲ ರೇಗಿಸಿದ್ದೆವು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟರ ಹತ್ತಿರ. ಕಬ್ಬಿಣದ ಮಾತ್ರೆ ಶುರುವಾಯಿತು, ಸ್ವಲ್ಪ ಏರಿತು, ಮತ್ತೆ ಇಳಿಯಿತು. ಆಮೇಲೆ ಇನ್ನೊಬ್ಬ ಡಾಕ್ಟರ್ ಕೊಲೊನೋಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಮಾಡಿಸಿ ಅಂದರು. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ. ಅಲ್ಲಿನ ಗಡ್ಡೆ ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವೇ ರಕ್ತ ಸೋರಿಸುತ್ತಾ ಇರುತ್ತದಂತೆ, ನೋವೂ ಇರಲ್ಲ. ಓದುತ್ತಿರುವ ಗಂಡಸರಿಗೆ ಒಂದು ಮಾತು: ನಲವತ್ತು ದಾಟಿದ ಮೇಲೆ ಕಾರಣ ಗೊತ್ತಿಲ್ಲದೆ ರಕ್ತ ಕಡಿಮೆಯಾದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಎಲ್ಲಿ ಸೋರುತ್ತಿದೆ ಅಂತ ನೋಡಿಸಿ.

ಆಪರೇಷನ್ ಆಯಿತು. ಮೂರನೇ ಹಂತ ಅಂತ ಗೊತ್ತಾಯಿತು. ಈಗ ಎರಡು ವಾರಕ್ಕೊಮ್ಮೆ ಕೀಮೋ, ಒಟ್ಟು ಹನ್ನೆರಡು ಸಲ. ಕೊರಳೆಲುಬಿನ ಕೆಳಗೆ ಚರ್ಮದೊಳಗೆ, ಔಷಧಿ ಹಾಕಲು ಪೋರ್ಟ್ ಅನ್ನುವ ಪುಟ್ಟ ಡಬ್ಬಿ ಕೂರಿಸಿದ್ದಾರೆ. ಆಸ್ಪತ್ರೆಯಲ್ಲಿ ಕೆಲವು ಗಂಟೆ ಡ್ರಿಪ್, ಆಮೇಲೆ ಇನ್ನೊಂದು ಔಷಧಿ ತುಂಬಿದ ಪುಟ್ಟ ಪಂಪ್ ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ. ಅದು 46 ಗಂಟೆ ಹನಿ ಹನಿಯಾಗಿ ಒಳಗೆ ಹೋಗುತ್ತದೆ. ಪಂಪ್ ಕಳಚಿದ ಮೇಲೆ ಮೂರ್ನಾಲ್ಕು ದಿನ ಹಾಸಿಗೆ, ವಾಕರಿಕೆ, ಬಾಯಲ್ಲೆಲ್ಲ ಕಬ್ಬಿಣದ ರುಚಿ. ಎರಡನೇ ವಾರದಲ್ಲಿ ಮತ್ತೆ ಮನುಷ್ಯರಾಗುತ್ತಾರೆ. ನಮಗೆ ಸಿಕ್ಕಿದ್ದು ಆ ಎರಡನೇ ವಾರ.

ಡಾಕ್ಟರ್ ಸುಲಭಕ್ಕೆ ಒಪ್ಪಲಿಲ್ಲ. ಹೊರಡುವ ಮುಂಚೆ ರಕ್ತ ಪರೀಕ್ಷೆ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಸರಿಯಿದ್ದರೆ ಮಾತ್ರ ಹೋಗಬಹುದು. ಬೀಳುವ ಹಾಗಿಲ್ಲ. ಹಸಿ ತರಕಾರಿ, ಕತ್ತರಿಸಿಟ್ಟ ಹಣ್ಣು ತಿನ್ನುವ ಹಾಗಿಲ್ಲ. ಜ್ವರ 100.4 ಮುಟ್ಟಿದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆ. ಹಿಂದೆ ಮುಂದೆ ಒಂದು ಕಾರು ಇರಲೇಬೇಕು. ಕಾರಿನ ಕೆಲಸ ಅತ್ತಿಗೆ, ಅಂದರೆ ಮೇಷ್ಟ್ರ ಹೆಂಡತಿ, ವಹಿಸಿಕೊಂಡರು. ಥರ್ಮಾಮೀಟರು, ಬಿಸಿನೀರಿನ ಫ್ಲಾಸ್ಕು, ಆಸ್ಪತ್ರೆಯ ಫೈಲು ಮೂರೂ ಅವರ ಸುಪರ್ದಿಯಲ್ಲಿ.

ಮೊದಲ ದಿನ: ಮಲ್ಪೆ – ಕೋಡಿ ಬೇಂಗ್ರೆ

ಹಿಂದಿನ ದಿನವೇ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಉಡುಪಿ ಸೇರಿದ್ದೆವು. ಬೆಳಗ್ಗೆ ಏಳೂವರೆಗೂ ಮುಂಚೆ ಹೊರಡಲ್ಲ ಅಂತ ಮೇಷ್ಟ್ರದ್ದೇ ಕಟ್ಟುನಿಟ್ಟು, ಬ್ರೇಕಿನ ಕಬ್ಬಿಣ ಸ್ವಲ್ಪ ಬಿಸಿಯಾಗಲಿ ಅಂತ. ಕೈಗೆ ಎರಡು ಗ್ಲೌಸ್. ಕಾಲ್ಬೆರಳು ಜೋಮು ಹಿಡಿದಿರುವುದರಿಂದ ಶೂ ಕಚ್ಚಿಕೊಳ್ಳುವ ಪೆಡಲ್ ತೆಗೆಸಿ ಸಾದಾ ಪೆಡಲ್ ಹಾಕಿಸಿದ್ದರು. ಹೊಟ್ಟೆಯ ಹೊಲಿಗೆ ಜಾಗ ಮಡಚಬಾರದು ಅಂತ ಹ್ಯಾಂಡಲ್ ಎತ್ತರಿಸಿದ್ದರು. ಬೆನ್ನಿಗೆ ಬ್ಯಾಗ್ ಇಲ್ಲ, ಅದರ ಪಟ್ಟಿ ಸರಿಯಾಗಿ ಪೋರ್ಟ್ ಮೇಲೇ ಉಜ್ಜುತ್ತದೆ.

ಮಲ್ಪೆ ಬಂದರಿನ ಹತ್ತಿರ ಬಂದಾಗ ಮೊದಲ ಸಮಸ್ಯೆ. ಮೀನಿನ ವಾಸನೆ. ಬಂಗುಡೆ ಅಂದರೆ ಜೀವ ಬಿಡುತ್ತಿದ್ದ ಮನುಷ್ಯ ಮಾಸ್ಕ್ ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು, ನನಗಿಂತ ಜೋರಾಗಿ ತುಳಿದು ದಾಟಿದರು. ತೊಟ್ಟಂ ಬಂದ ಮೇಲೆ ಮಾಸ್ಕ್ ತೆಗೆದು, "ಇವತ್ತಿನ ಸ್ಪ್ರಿಂಟ್ ಮುಗೀತು" ಅಂದರು.

ಅಲ್ಲಿಂದ ಬಡಾನಿಡಿಯೂರು, ಹೂಡೆ ಮೇಲೆ ಹೋಗುವ ದಾರಿ ನಿಜವಾಗಲೂ ಸೈಕಲ್ಲಿಗೇ ಮಾಡಿದಂತಿದೆ. ಏರಿಲ್ಲ, ಲಾರಿ ಇಲ್ಲ, ತೆಂಗಿನ ನೆರಳು. ಹೋಗ್ತಾ ಹೋಗ್ತಾ ನೆಲ ಸಣ್ಣದಾಗುತ್ತದೆ, ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ಕೊನೆಗೆ ಕೋಡಿ ಬೇಂಗ್ರೆಯಲ್ಲಿ ರಸ್ತೆಯೇ ಮುಗಿದು ಸ್ವರ್ಣಾ, ಸೀತಾ ಎರಡೂ ಕಡಲಿಗೆ ಸೇರುವ ಅಳಿವೆ ಕಾಣುತ್ತದೆ. ಬಲೆ ಬಿಡಿಸುತ್ತಿದ್ದವರು ನಮ್ಮನ್ನು ನೋಡಿ ನಕ್ಕರು. ಅಲ್ಲೇ ಕೂತು ಬಿಸಿನೀರು ಕುಡಿದು ಬಂದ ದಾರಿಯಲ್ಲೇ ವಾಪಸ್. ಹೋಗಿ ಬರಲು ಮೂವತ್ತು ಕಿಲೋಮೀಟರ್ ಒಳಗೇ. ನನಗದು ಮೈ ಬಿಸಿಯಾಗಲಿಕ್ಕೂ ಸಾಲದ ದೂರ, ಹಾಗಂತ ಬಾಯಿಬಿಟ್ಟು ಹೇಳಲಿಲ್ಲ.

ಮಧ್ಯಾಹ್ನ ಉಡುಪಿಯಲ್ಲಿ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಬಿಸಿ ಬಿಸಿ ಪುನರ್ಪುಳಿ ಸಾರು. ಎಲ್ಲ ಅಡುಗೆಯೂ ಕಬ್ಬಿಣ ನೆಕ್ಕಿದ ಹಾಗಿದೆ ಅಂತ ವಾರಗಟ್ಟಲೆ ಗೊಣಗುತ್ತಿದ್ದವರು ಮೊದಲ ಸಲ ಎರಡನೇ ಬಟ್ಟಲು ಕೇಳಿದರು. ಅತ್ತಿಗೆ ನನ್ನ ಮುಖ ನೋಡಿದರು, ನಾನು ನೋಡದ ಹಾಗೆ ಉಪ್ಪಿನಕಾಯಿ ಬಡಿಸಿಕೊಂಡೆ.

ಎರಡನೇ ದಿನ: ಕುಂದಾಪುರ – ಮರವಂತೆ – ಬೈಂದೂರು

ಉಡುಪಿಯಿಂದ ಕುಂದಾಪುರದವರೆಗೆ ಹೆದ್ದಾರಿ 66ರಲ್ಲಿ ತುಳಿಯುವುದು ಬೇಡ, ಕಾರಲ್ಲಿ ಹೋಗೋಣ ಅಂದರು ಮೇಷ್ಟ್ರು. ನನಗೆ ಒಳಗೊಳಗೇ ಕಿರಿಕಿರಿ. ಮ್ಯಾಪಿನಲ್ಲಿ ಗೆರೆ ತುಂಡಾಗುತ್ತಲ್ಲ! "ತುಂಡಾಗ್ಲಿ ಬಿಡೋ. ಹೊಗೆ ಕುಡಿದು ಗೆರೆ ಎಳೆದರೆ ಯಾರು ಮಾರ್ಕ್ಸ್ ಕೊಡ್ತಾರೆ?" ಅಂದರು.

ಕುಂದಾಪುರ ದಾಟಿ ಪಂಚಗಂಗಾವಳಿಯ ಸೇತುವೆ ಮೇಲೆ ಬೆಳಗಿನ ಗಾಳಿ ಬಲಗಡೆಯಿಂದ, ಅಂದರೆ ಘಟ್ಟದ ಕಡೆಯಿಂದ ಬೀಸುತ್ತಿತ್ತು. ಹನ್ನೊಂದು ಗಂಟೆ ಮೇಲೆ ಇದು ತಿರುಗುತ್ತೆ ನೋಡು ಅಂತ ಫಿಸಿಕ್ಸ್ ಪಾಠ ಶುರುವಾಯಿತು. ನೆಲ ಬೇಗ ಕಾಯುತ್ತೆ, ನೀರು ನಿಧಾನ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿದರೆ ಕಡಲಿನ ಗಾಳಿ ವಾಯವ್ಯದಿಂದ ಒಳಗೆ ನುಗ್ಗುತ್ತೆ, ಆಗ ಉತ್ತರಕ್ಕೆ ಹೋಗೋರಿಗೆ ಎದುರುಗಾಳಿ. ಪಾಠ ಮುಗಿಯುವಷ್ಟರಲ್ಲಿ ತ್ರಾಸಿ ಬಂತು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಎಷ್ಟು ಸಲ ನೋಡಿದರೂ ಇಲ್ಲಿ ನಿಲ್ಲದೆ ಹೋಗಲಾಗುವುದಿಲ್ಲ. ಫೋಟೋ ತೆಗೆಯುವವರ ಕಾರುಗಳೇ ಜಾಸ್ತಿ, ಹುಷಾರಾಗಿ ದಾಟಬೇಕು.

ಮಂಗಳೂರು ಕಡೆಯಿಂದ ಬಂದ ಸೈಕಲ್ ಹುಡುಗರ ಗುಂಪೊಂದು ಸಿಕ್ಕಿತು. ಮಾತಿಗೆ ಮಾತು ಬಂದು ವಿಷಯ ಗೊತ್ತಾದಾಗ ಒಬ್ಬ ಹುಡುಗ ಕಣ್ಣರಳಿಸಿ, "ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಥರ ಸರ್ ನೀವು!" ಅಂದ. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅಮೆರಿಕದ ಆ ಸೈಕ್ಲಿಸ್ಟ್ 1996ರಲ್ಲಿ ಕ್ಯಾನ್ಸರ್ ಬಂದು ಗುಣವಾಗಿ ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದದ್ದೂ ನಿಜ, ಉದ್ದೀಪನ ಔಷಧಿಯ ಕಾರಣಕ್ಕೆ 2012ರಲ್ಲಿ ಏಳನ್ನೂ ಕಿತ್ತುಕೊಂಡಿದ್ದೂ ನಿಜ. "ಅವನು ಕದ್ದು ತಗೊಂಡ ಇಪಿಒ ಇಂಜೆಕ್ಷನ್ ಇದೆಯಲ್ಲಪ್ಪಾ, ಕೀಮೋದಿಂದ ರಕ್ತ ಕಡಿಮೆಯಾದರೆ ಕೆಲವರಿಗೆ ಅದನ್ನೇ ಕೊಡ್ತಾರೆ. ನನಗಿನ್ನೂ ಕೊಟ್ಟಿಲ್ಲ, ಕೊಟ್ಟ ದಿನ ನಿನ್ನ ಜೊತೆ ರೇಸ್" ಅಂದರು. ಹುಡುಗನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ನಾವುಂದ ದಾಟಿದ ಮೇಲೆ ಸಿಯಾಳದ ಅಂಗಡಿ. ಅಮ್ಮ ಒಬ್ಬರು ಕೂತಿದ್ದರು. "ಈ ಬಿಸ್ಲಲ್ಲಿ ಎಂತಕ್ಕೆ ಹೊರ್ಟದ್ದ್ ಮಾರಾಯ್ರೆ? ಬನ್ನಿ, ಕೂಕಣಿ" ಅಂದರು. ತಣ್ಣಗಿರೋದು ಬೇಡ ಅಮ್ಮಾ, ಬಿಸಿಲಲ್ಲಿ ಬಿದ್ದಿದ್ದು ಕೊಡಿ ಅಂದರೆ ಅವರಿಗೆ ಆಶ್ಚರ್ಯ. "ಬಿಸಿ ಸಿಯಾಳ ಕೇಂಬೋ ಗಿರಾಕಿನ ಇವತ್ತೇ ಕಂಡದ್ದ್!" ಗ್ಲೌಸ್ ತೆಗೆದಾಗ ಮೇಷ್ಟ್ರ ಕೈ ಕಂಡಿತು, ಔಷಧಿಯಿಂದ ಅಂಗೈ ಗೆರೆಗಳೆಲ್ಲ ಕಪ್ಪಾಗಿವೆ. ಅಮ್ಮ ನೋಡಿದರು. ಏನೂ ಕೇಳಲಿಲ್ಲ. ರಾಶಿಯ ಮೇಲೆ ಬಿಸಿಲಿಗೆ ಕಾದಿದ್ದ ಒಂದನ್ನು ಆರಿಸಿ, ಕತ್ತಿಯನ್ನು ಬಿಸಿನೀರಲ್ಲಿ ತೊಳೆದು ಕೆತ್ತಿ ಕೊಟ್ಟರು. ಅವರ ಮನೆಯಲ್ಲೂ ಯಾರಿಗಾದರೂ ಆಗಿರಬೇಕು ಅಂತ ಅತ್ತಿಗೆ ಆಮೇಲೆ ಹೇಳಿದರು.

ಹೇಳಿದ ಹಾಗೇ ಹನ್ನೊಂದಕ್ಕೆ ಗಾಳಿ ತಿರುಗಿತು. ಉಪ್ಪುಂದದ ಹತ್ತಿರ ನಾನು ಮುಂದೆ, ಅವರು ನನ್ನ ಹಿಂದೆ ಗಾಳಿ ಮರೆಯಲ್ಲಿ. ಬೈಂದೂರು ಮುಟ್ಟಿದಾಗ ಮುಖ ಕೆಂಪಾಗಿತ್ತು, ಆದರೆ ಖುಷಿಯಾಗಿದ್ದರು.

ಮೂರನೇ ದಿನ: ಬೈಂದೂರು – ಶಿರೂರು, ಆಮೇಲೆ ಕಾರಿನಲ್ಲಿ ಮುರ್ಡೇಶ್ವರ

ಒತ್ತಿನೆಣೆ ಏರು ದೊಡ್ಡದೇನಲ್ಲ. ನಂದಿ ಹತ್ತಿದವರಿಗೆ ಲೆಕ್ಕಕ್ಕೇ ಇಲ್ಲ. ಮೇಷ್ಟ್ರು ಅರ್ಧಕ್ಕೇ ಇಳಿದು ಸೈಕಲ್ ತಳ್ಳಿದರು. ತಳ್ಳುವಾಗಲೂ ಒಂದು ಕಡೆ ನಿಂತು ನಾಡಿ ಎಣಿಸಿಕೊಂಡರು, ಮತ್ತೆ ತಳ್ಳಿದರು.

ಶಿರೂರು ಟೋಲ್ ಗೇಟ್ ಹತ್ತಿರ ನಿಂತೆವು. 2022ರ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯೊಬ್ಬರನ್ನು ಕರೆದುಕೊಂಡು ಬರುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಇಲ್ಲೇ ಬಡಿದು ನಾಲ್ವರು ತೀರಿಕೊಂಡಿದ್ದರು. ಆ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಆ ತಿಂಗಳು ತುಂಬ ಜೋರಾಗಿ ಎದ್ದಿತ್ತು. ಈ ಗೇಟ್ ದಾಟಿದರೆ ಜಿಲ್ಲೆ ಬದಲಾಗುತ್ತದೆ, ನಾವು ಒಂದೊಂದು ಕಿಲೋಮೀಟರ್ ಮುಂದೆ ಹೋದ ಹಾಗೂ ಮಣಿಪಾಲ ಒಂದೊಂದು ಕಿಲೋಮೀಟರ್ ಹಿಂದೆ ಉಳಿಯುತ್ತದೆ. ಅತ್ತಿಗೆ ಆ ಲೆಕ್ಕ ಹಾಕುತ್ತಿದ್ದರು ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅಲ್ಲೇ ಮೇಷ್ಟ್ರು "ಸಾಕು" ಅಂದರು. ಹೆಲ್ಮೆಟ್ ತೆಗೆದರು, ಸೈಕಲ್ ಮುಂದಿನ ಚಕ್ರ ಕಳಚಿ ಕಾರಿಗೆ ಕೊಟ್ಟರು, ಸೀಟಲ್ಲಿ ಕೂತು ಬಾಗಿಲು ಹಾಕಿಕೊಂಡರು. ಎಲ್ಲ ಸೇರಿ ಐದು ನಿಮಿಷ. ಏನಾಯ್ತೋ ಅಂದರೆ, "ಏನೂ ಆಗಿಲ್ಲ. ಇವತ್ತು ಇಷ್ಟೇ ಇದೆ, ಪೂರ್ತಿ ಖರ್ಚು ಮಾಡಿದರೆ ರಾತ್ರಿಗೆ ಏನೂ ಉಳಿಯಲ್ಲ" ಅಂದರು. ಒಂದು ‘ಸಾರೀ’ ಇಲ್ಲ, ಒಂದು ‘ಛೇ’ ಇಲ್ಲ. ನಾನು ಎಷ್ಟೋ ಸೈಕಲಿಗರ ಜೊತೆ ಹೋಗಿದ್ದೇನೆ, ಮಂಡಿ ನೋವಿದ್ದರೂ ಹಲ್ಲು ಕಚ್ಚಿಕೊಂಡು ಇನ್ನೂರು ಕಿಲೋಮೀಟರ್ ಮುಗಿಸಿ ಆಮೇಲೆ ಮೂರು ತಿಂಗಳು ಮನೆಯಲ್ಲಿ ಕೂತವರಿದ್ದಾರೆ. ನಾವೆಲ್ಲ ಅವರನ್ನು ಹೊಗಳಿದ್ದೂ ಇದೆ. ಸುಸ್ತಾಗುವ ಮೊದಲೇ, ಯಾರ ಮುಖವನ್ನೂ ನೋಡದೆ, ಹೀಗೆ ಸುಮ್ನೆ ಇಳಿದು ಕಾರು ಹತ್ತಿದವರನ್ನು ಮಾತ್ರ ನೋಡಿರಲಿಲ್ಲ. ಎಲ್ಲರೂ ಮೇಷ್ಟ್ರ ಧೈರ್ಯ ಧೈರ್ಯ ಅನ್ನುತ್ತಾರೆ. ನನಗೆ ಹುಚ್ಚು ಹಿಡಿಸಿದ್ದು ಅವರ ಲೆಕ್ಕ.

ಭಟ್ಕಳದ ಮೇಲೆ ನಾನೊಬ್ಬನೇ ತುಳಿದು ಮುರ್ಡೇಶ್ವರ ಸೇರಿದಾಗ ಅವರು ಮಲಗಿದ್ದರು.

ಸಂಜೆ ಏಳಕ್ಕೆ ಜ್ವರ 99.4. ಎಂಟಕ್ಕೆ 99.8. ಪ್ಯಾರಾಸಿಟಮಾಲ್ ಕೊಡೋಣ ಅಂದೆ. ಕೊಡಬಾರದು ಅಂದರು ಅತ್ತಿಗೆ. ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಒಳಗೆ ಸೋಂಕಿದ್ದರೆ ಗೊತ್ತೇ ಆಗುವುದಿಲ್ಲ, ಬಿಳಿ ರಕ್ತಕಣ ಕಡಿಮೆ ಇರುವವರಿಗೆ ಅದು ಪ್ರಾಣಕ್ಕೇ ಬರಬಹುದು. ಮಣಿಪಾಲ ನೂರು ಕಿಲೋಮೀಟರ್ ಹತ್ತಿರ ದೂರ. ಕಾರಿಗೆ ಫುಲ್ ಟ್ಯಾಂಕ್ ಹಾಕಿಸಿ ಬಂದೆ, ಮುಖ ರಸ್ತೆ ಕಡೆ ತಿರುಗಿಸಿ ನಿಲ್ಲಿಸಿದೆ. ಫೈಲ್ ಸೀಟಿನ ಮೇಲೆ ಇಟ್ಟೆವು. ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದರೆ, ನೀರು ಚೆನ್ನಾಗಿ ಕುಡಿಸಿ, ಗಂಟೆಗೊಮ್ಮೆ ನೋಡಿ, 100.4 ಅಂದರೆ ಹೊರಡಿ ಅಂದರು. ಒಂಬತ್ತಕ್ಕೆ 99.8. ಹತ್ತಕ್ಕೆ 99.9. ಮೇಷ್ಟ್ರು ಒಬ್ಬರೇ ಆರಾಮಾಗಿ, "ಗ್ರಾಫ್ ಚಪ್ಪಟೆ ಆಗ್ತಿದೆ, ನೀವಿಬ್ಬರೂ ಊಟ ಮಾಡಿ" ಅನ್ನುತ್ತಿದ್ದರು. ಹನ್ನೊಂದಕ್ಕೆ 99.2. ಒಂದು ಗಂಟೆಗೆ ಮಾಮೂಲಿಗೆ ಬಂತು. ಬಿಸಿಲಿಗೋ ನೀರು ಕಡಿಮೆಯಾಗಿದ್ದಕ್ಕೋ ಇರಬೇಕು. ಆವತ್ತು ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ, ಅವರೊಬ್ಬರಿಗೆ ಬಿಟ್ಟು.

ನಾಲ್ಕನೇ ದಿನ: ಹೊನ್ನಾವರ

ಮೇಷ್ಟ್ರಿಗೆ ಪೂರ್ತಿ ರಜೆ. ವಾಪಸ್ ಹೋಗೋಣ ಅಂತ ಅತ್ತಿಗೆ, ಮಧ್ಯಾಹ್ನದವರೆಗೆ ನೋಡೋಣ ಅಂತ ಇವರು. ಜ್ವರ ಮತ್ತೆ ಬರಲಿಲ್ಲ. ನಾನು ಒಬ್ಬನೇ ಹೊರಟೆ. ಹೆದ್ದಾರಿ, ಧೂಳು, ಹೇಳುವಂಥದ್ದೇನೂ ಇಲ್ಲ. ಮಂಕಿ ದಾಟಿದ ಮೇಲೆ ನನಗೂ ಸಾಕು ಅನಿಸಿತು. ಕಾಲು ಚೆನ್ನಾಗೇ ಇತ್ತು, ಗಾಳಿ ಬೇಜಾರು ಬರಿಸಿತ್ತು ಅಷ್ಟೇ. ಫೋನ್ ಮಾಡಿದೆ. ಕಾರು ಬಂತು, ಮೇಷ್ಟ್ರೇ ಇಳಿದು ಚಕ್ರ ಕಳಚಿ ಕೊಟ್ಟರು, ಯಾಕೆ ಅಂತ ಕೇಳಲಿಲ್ಲ.

ಸಂಜೆ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮಾಡಿರುವ ಮರದ ನಡಿಗೆದಾರಿಯಲ್ಲಿ ನಿಧಾನಕ್ಕೆ ಓಡಾಡಿದೆವು. ಬಹಳ ದಿನದಿಂದ ಕೇಳಬೇಕು ಅಂತಿದ್ದದ್ದನ್ನು ಕೇಳಿಬಿಟ್ಟೆ. ಸೈಕಲ್ ತುಳಿಯೋದ್ರಿಂದ ಕಾಯಿಲೆಗೇನಾದ್ರೂ ಉಪಯೋಗ ಇದೆಯಾ? ಮೇಷ್ಟ್ರ ಹತ್ತಿರ ಉತ್ತರ ರೆಡಿ ಇತ್ತು. ಚಾಲೆಂಜ್ ಅಂತ ಒಂದು ಅಧ್ಯಯನ, 2025ರ ಜೂನ್‌ನಲ್ಲಿ ಫಲಿತಾಂಶ ಬಂತು. ಹೆಚ್ಚಾಗಿ ಕೆನಡಾ, ಆಸ್ಟ್ರೇಲಿಯಾದ 889 ಜನ ಕರುಳಿನ ಕ್ಯಾನ್ಸರ್ ರೋಗಿಗಳು. ಅರ್ಧ ಜನಕ್ಕೆ ಮೂರು ವರ್ಷ ಹಿಂದೆ ಬಿದ್ದು ವ್ಯಾಯಾಮ ಮಾಡಿಸಿದರು, ಉಳಿದವರಿಗೆ ಪುಸ್ತಕ ಕೊಟ್ಟು ಬಿಟ್ಟರು. ಎಂಟು ವರ್ಷಕ್ಕೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ ತೊಂಬತ್ತು, ಇನ್ನೊಂದರಲ್ಲಿ ಎಂಬತ್ತಮೂರು.

"ಮತ್ತೆ? ಸರಿ ಹೋಯ್ತಲ್ಲ!" ಅಂದೆ.

"ಪೂರ್ತಿ ಕೇಳು. ಅವರೆಲ್ಲ ಕೀಮೋ ಮುಗಿಸಿದ ಮೇಲೆ ಶುರು ಮಾಡಿದವರು. ನನ್ನದು ನಡೀತಾ ಇದೆ. ಆ ಅಂಕಿ ನನಗೆ ಈಗಲೇ ಹಚ್ಚೋಕಾಗಲ್ಲ. ಅಲ್ಲಿ ಜಾಸ್ತಿ ಜನ ಮಾಡಿದ್ದು ಚುರುಕಾಗಿ ನಡೆಯೋದು ಅಷ್ಟೇ. ಸೈಕಲ್ ಯಾಕೆ ಅಂದ್ರೆ ನನಗೆ ಸೈಕಲ್ ಇಷ್ಟ. ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಕೈ ಚಾಚಿ ಮಲಗಿರ್ತೀನಿ. ಇಲ್ಲಿ ತುಳಿದರೆ ಹೋಗುತ್ತೆ, ನಿಲ್ಲಿಸಿದರೆ ನಿಲ್ಲುತ್ತೆ."

ಅತ್ತಿಗೆ ಹಿಂದಿನಿಂದ, "ನಿಲ್ಲಿಸೋದೊಂದು ಕಲಿತ್ರಲ್ಲ, ಪುಣ್ಯ" ಅಂದರು.

ಐದನೇ ದಿನ: ಕುಮಟಾ – ಅಘನಾಶಿನಿ – ತದಡಿ – ಗೋಕರ್ಣ

ಕುಮಟಾದವರೆಗೆ ಕಾರು. ಅಲ್ಲಿಂದ ಹೆದ್ದಾರಿ ಬಿಟ್ಟು ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ. ಇಡೀ ಪ್ರವಾಸದಲ್ಲಿ ಒಂದೇ ದಿನ ಸೈಕಲ್ ತುಳಿಯಲು ಬಿಟ್ಟರೆ ನಾನು ಇದನ್ನೇ ಆರಿಸುತ್ತೇನೆ. ಕಿರಿದಾದ ರಸ್ತೆ, ಅಡಿಕೆ ತೋಟ, ಶಾಲೆಗೆ ಹೊರಟ ಮಕ್ಕಳು, ಗಜನಿ ಗದ್ದೆಗಳು. ಉಪ್ಪುನೀರು ನುಗ್ಗಿದರೂ ತಾಳುವ ಕಗ್ಗ ಅನ್ನುವ ಭತ್ತ ಬೆಳೆಯುವುದು ಈ ಗಜನಿಗಳಲ್ಲೇ. ಮೇಷ್ಟ್ರು ಆವತ್ತು ಮುಂದೆ, ನಾನು ಹಿಂದೆ. ಒಂದು ಸಲವೂ ತಿರುಗಿ ನೋಡಲಿಲ್ಲ.

ಹೊಳೆ ದಾಟಲು ದೋಣಿ. ಬೈಕು, ಸೈಕಲ್ಲು ಏರಿಸಬಹುದು, ಕಾರು ಆಗಲ್ಲ. ಅತ್ತಿಗೆ ಮಿರ್ಜಾನ್ ಕಡೆಯಿಂದ ಸುತ್ತಿ ಗೋಕರ್ಣಕ್ಕೆ ಬರಬೇಕು. ಐದು ದಿನದಲ್ಲಿ ಕಾರು ಜೊತೆಗಿಲ್ಲದ್ದು ಇದೊಂದೇ ತುಂಡು. ಥರ್ಮಾಮೀಟರನ್ನು ನನ್ನ ಜೇಬಿಗೆ ಹಾಕಿ, ಝಿಪ್ ಎಳೆದು, ಅದನ್ನು ಒಮ್ಮೆ ತಟ್ಟಿ ಹೋದರು.

ದೋಣಿಯಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಆಸ್ಪತ್ರೆಯ ದೊಡ್ಡ ಎಕ್ಸ್‌ರೇ ಕವರ್. ಮೇಷ್ಟ್ರೇ ಮಾತಾಡಿಸಿದರು. ಅವರ ಯಜಮಾನರಿಗೆ ಗಂಟಲಿನದ್ದು. "ಮಣಿಪಾಲಕ್ಕೆ ಕರ್ಕೊಂಡು ಹೋಗುದು. ಕರೆಂಟ್ ಕೊಡುಕೆ ಅಂತ ದಿನಾ ಹೋಗ್ಬೇಕಿತ್ತು, ಅಲ್ಲೇ ರೂಮು ಮಾಡ್ಕಂಡು ಒಂದೂವರೆ ತಿಂಗಳು ಇದ್ವಿ" ಅಂದರು. ಕರೆಂಟ್ ಅಂದರೆ ರೇಡಿಯೇಷನ್. ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಬಾಯಿ ಹುಣ್ಣಿಗೆ ಏನು ಮಾಡಿದಿರಿ, ಅನ್ನ ಇಳೀತಿತ್ತಾ, ರಾತ್ರಿ ನಿದ್ದೆ ಬರ್ತಿತ್ತಾ. ಆ ಮಾತುಗಳಲ್ಲಿ ಅಯ್ಯೋ ಪಾಪ ಇರಲಿಲ್ಲ, ಒಂದೇ ಪರೀಕ್ಷೆಗೆ ಕೂತವರು ಪ್ರಶ್ನೆಪತ್ರಿಕೆ ಬಗ್ಗೆ ಮಾತಾಡಿಕೊಂಡ ಹಾಗಿತ್ತು. ನೀವೆಂತಕ್ಕೆ ಸೈಕಲ್ ಮೇಲೆ ಅಂತ ಅವರು ಕೇಳಿದರು. ಈ ವಾರ ಡ್ರಿಪ್ ಇಲ್ಲ, ಅದಕ್ಕೆ ಅಂದರು ಮೇಷ್ಟ್ರು. ಅವರಿಗೆ ಅಷ್ಟೇ ಸಾಕಾಯಿತು, "ಹೌದು, ಆ ವಾರ ನಮ್ಮನೆಯವ್ರೂ ಗದ್ದೆಗೆ ಹೋಗುತ್ರು" ಅಂದರು.

ತದಡಿಯಿಂದ ಗೋಕರ್ಣಕ್ಕೆ ಸ್ವಲ್ಪ ಏರಿದೆ. ಮೇಷ್ಟ್ರು ಎರಡು ಕಡೆ ಇಳಿದು ತಳ್ಳಿದರು. ಎರಡನೇ ಸಲ ನಾನೂ ಇಳಿದೆ. ಅತ್ತಿಗೆ ನಮಗಿಂತ ಮುಂಚೆ ಬಂದು ರಥಬೀದಿಯ ಹತ್ತಿರ ಕಾಯುತ್ತಿದ್ದರು. ಮೊದಲು ಥರ್ಮಾಮೀಟರ್ ಕೇಳಿದರು, ಆಮೇಲೆ ಹೇಗಿತ್ತು ಅಂತ ಕೇಳಿದರು.

ಬೆಂಗಳೂರಿಗೆ ಬಂದ ಮೇಲೆ ರಕ್ತ ಪರೀಕ್ಷೆ ಚೆನ್ನಾಗೇ ಬಂತು, ಕೀಮೋ ಮುಂದೂಡಬೇಕಾಗಲಿಲ್ಲ. ಆದರೆ ಕಾಲ್ಬೆರಳ ಜೋಮು ಪಾದಕ್ಕೂ ಹತ್ತುತ್ತಿದೆ ಅಂತ ಡಾಕ್ಟರ್ ಉಳಿದ ಸುತ್ತುಗಳಿಗೆ ಆಕ್ಸಲಿಪ್ಲಾಟಿನ್ ಕೈಬಿಟ್ಟು ಪಂಪಿನ ಔಷಧಿ ಮಾತ್ರ ಮುಂದುವರಿಸಿದ್ದಾರೆ. ಜೋಮು ಹೋಗಲು ತಿಂಗಳುಗಳೇ ಬೇಕಾಗಬಹುದು, ಸ್ವಲ್ಪ ಹಾಗೇ ಉಳಿಯಲೂಬಹುದು ಅಂತ ಹೇಳಿದ್ದಾರೆ. ಮೇಷ್ಟ್ರು ಅದನ್ನು ಕೇಳಿಸಿಕೊಂಡು ಮನೆಗೆ ಬಂದವರೇ ನನಗೆ ಮೆಸೇಜ್ ಹಾಕಿದರು: "ತಣ್ಣೀರು ಕುಡಿಯೋ ದಿನ ಹತ್ರ ಬಂತು. ನನ್ನ ಚೈನ್ ಉಪ್ಪುಗಾಳಿಗೆ ತುಕ್ಕು ಹಿಡೀತಿದೆ, ತೊಳೆದು ಎಣ್ಣೆ ಹಾಕಿಡು. ಗೋಕರ್ಣದಿಂದ ಕಾರವಾರದ ತುಂಡು ಹಾಗೇ ಉಳಿದಿದೆ, ಪಂಪ್ ಇಲ್ಲದ ವಾರ ನೋಡಿ ಹೇಳ್ತೀನಿ."